ಕಪ್ಪು ಕೂದಲಿಗಷ್ಟೇ ಕನ್ನಡ

ಬಾಯಿಯ ತಲೆಗೂದಲಿನ ಬಗ್ಗೆ ನಾನು ಆಡಿದ ಮೊದಲ ಮಾತೇ ಕೊಂಕಿನದು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದೂ ಅದೇ. ಸತ್ತವರ ಒಳ್ಳೆಯತನ ನೆನೆಯಬೇಕಾದ ಹೊತ್ತಿನಲ್ಲಿ ನಮ್ಮ ಸಣ್ಣತನ ಕಣ್ಣೆದುರಿಗೆ ಬಂದು ನಿಲ್ಲುವುದು ನನ್ನಂಥವರ ಹಣೆಬರಹ.

ಮರಾಠಿ ಸೀಮೆಯ ಉಮರಗಾದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಬಾಯಿ ಎಂದೇ ಕರೆಯುತ್ತಾರೆ. ಮರಾಠಿಯ ಶಬ್ದ, ಆದರೆ ನಮ್ಮ ಕನ್ನಡ ಶಾಲೆಯಲ್ಲೂ ಅದೇ ನಡೆಯುತ್ತಿತ್ತು. ನಾವು ಮೂವರು ಬಾಯಿಗಳಿದ್ದೆವು. ನಮ್ಮಿಬ್ಬರಿಗೆ ಹೆಸರು ಸೇರಿಸಿ ಕರೆಯುತ್ತಿದ್ದರು, ಬರೀ ಬಾಯಿ ಅಂದರೆ ಅವರೊಬ್ಬರೇ.

ನಾನು ಹೊಸದಾಗಿ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಒಂದು ತರಗತಿಯಲ್ಲಿ ನಿಂತು ಪಕ್ಕದ ತರಗತಿಯನ್ನೂ ಗದರಿಸುವ ಗಂಟಲು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಹೋಗಿದ್ದ. ಮಕ್ಕಳಿಲ್ಲ, ಒಡಹುಟ್ಟಿದವರೂ ಉಳಿದಿರಲಿಲ್ಲ. ಹಣೆಗೆ ವಿಭೂತಿ, ಮೈಮೇಲೆ ಬಣ್ಣ ಇದೆಯೋ ಇಲ್ಲವೋ ಎನ್ನುವಂಥ ಸೀರೆ. ಅಂಥವರ ತಲೆ ಮಾತ್ರ ಕಡುಗಪ್ಪು. ಬಿಸಿಲಿಗೆ ನಿಂತರೆ ತುಸು ನೀಲಿಯಾಗಿ ಹೊಳೆಯುತ್ತಿತ್ತು. ಉಗುರುಗಳು ಸದಾ ಕೆಂಪು. ಸಾಹೇಬರು ತಪಾಸಣೆಗೆ ಬಂದರೆ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ನಾನು ತಡೆಯಲಾರದೆ ಕೇಳಿಬಿಟ್ಟೆ.

"ಬಾಯೀ, ಈ ವಯಸ್ಸಿನಾಗ ಯಾರ ಸಲುವಾಗ್ರಿ ಇಷ್ಟು ಸಿಂಗಾರ?"

ಉಳಿದವರು ನಕ್ಕರು. ಬಾಯಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ರೊಟ್ಟಿ ಮುರಿಯುತ್ತಲೇ, "ಒಬ್ರು ಅದಾರ್ರಿ. ಐತವಾರ ಮನಿಗಿ ಬರ್ರಿ, ತೋರಸ್ತೀನಿ" ಅಂದರು.

ನಾನು ಹೋದೆ. ಸುಳ್ಳು ಯಾಕೆ ಹೇಳಲಿ, ಚಾಡಿ ಕೇಳುವವರ ಕುತೂಹಲದಿಂದಲೇ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಕಿಟಕಿಯ ಸರಳಿಗೆ ದಾರ ಕಟ್ಟಿ ಕೂದಲಿನ ಸಣ್ಣ ಸಣ್ಣ ಗೊಂಚಲುಗಳನ್ನು ತೂಗುಬಿಟ್ಟಿದ್ದರು. ಒಂದು ಕಿತ್ತಳೆ, ಒಂದು ಕಂದು, ಒಂದು ಹಸಿರು ತಿರುಗಿದ ಕಪ್ಪು. ಬಾಗಿಲ ಪಕ್ಕ ಅವರ ತಾಯಿ ಮೊರದಲ್ಲಿ ಅಗಸಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಬಾಯಿ ಒಳಗಿನಿಂದ ಬಂದದ್ದೇ ಮುದುಕಿ ತಲೆಯೆತ್ತಿ ನೋಡಿದರು.

"ಬಂದೇನವ್ವಾ? ನೀ ಉಂಡೇನು?"

"ಉಂಡೀನವ್ವಾ" ಎಂದ ಬಾಯಿ ನನ್ನ ಕಡೆ ತಿರುಗಿದರು. "ಕೇಳ್ದ್ರಿ? ನೀ ಅಂದ್ಳು. ಇದರ ಸಲುವಾಗ್ರಿ."

ನನಗೆ ತಿಳಿಯಲಿಲ್ಲ. ಬಾಯಿ ಚಹಾ ಕುಡಿಯುತ್ತಾ, ಪಾಠ ಹೇಳಿದಷ್ಟೇ ಸಾವಕಾಶವಾಗಿ ತಿಳಿಸಿದರು. ತಾಯಿಗೆ ಮರೆವಿನ ಬೇನೆ. ಡಾಕ್ಟರ ಹತ್ತಿರ ಅದಕ್ಕೆ ಔಷಧ ಇರಲಿಲ್ಲ. ಮುದುಕಿ ಮೂವತ್ತು ನಲವತ್ತು ವರ್ಷ ಹಿಂದಕ್ಕೆ ಹೋಗಿ ಅಲ್ಲೇ ಬಾಳುತ್ತಿದ್ದರು, ಮತ್ತು ಅಲ್ಲಿದ್ದ ಮಗಳ ತಲೆ ಕಪ್ಪಗಿತ್ತು.

"ಆಕಿ ಮಾರಿ ನೋಡಂಗಿಲ್ರಿ, ತಲಿ ನೋಡ್ತಾಳ. ತಲಿ ಬೆಳ್ಳಗಿದ್ರ ನಾ ಆಕಿ ಅತ್ತಿ. ಕೆಂಪಗಿದ್ರ ಸೂಲಗಿತ್ತಿ. ಕರ್ರಗಿದ್ರ ಅಷ್ಟೇ ಮಗಳು."

ಬಣ್ಣ ಬದಲಾದರೆ ಬರೀ ನಂಟಲ್ಲ, ಭಾಷೆಯೂ ಬದಲಾಗುತ್ತಿತ್ತು. ತಾಯಿ ಗುಂಜೋಟಿಯವರು, ಕನ್ನಡದ ಮನೆ. ಕೊಟ್ಟದ್ದು ನಿಲಂಗಾಕ್ಕೆ. ಅಲ್ಲಿ ಅತ್ತೆಯ ಕಿವಿಗೆ ಮರಾಠಿ ಬಿಟ್ಟು ಬೇರೆ ಮಾತು ಬೀಳಬಾರದು. ಆ ಮನೆಯಲ್ಲಿ ಸೊಸೆ ನಗುತ್ತಿದ್ದುದು ಬಾಣಂತನಕ್ಕೆ ಬರುತ್ತಿದ್ದ ಮುಸಲ್ಮಾನರ ಸೂಲಗಿತ್ತಿಯ ಜೊತೆ ಮಾತ್ರ. ಆಕೆಯ ತಲೆ ಮೆಹಂದಿ ಹಚ್ಚಿ ಕೆಂಪಗಿರುತ್ತಿತ್ತಂತೆ. ಹಾಗಾಗಿ ಬಿಳಿ ತಲೆಗೆ ಮರಾಠಿ, ಕೆಂಪು ತಲೆಗೆ ದಖನಿ ಉರ್ದು, ಕಪ್ಪು ತಲೆಗೆ ಕನ್ನಡ. ಮೂರರಲ್ಲಿ ಕನ್ನಡದಲ್ಲಿ ಮಾತ್ರ ಬಾಯಿಗೆ ಅವ್ವನಿದ್ದಳು.

ಅಂಗಡಿಯ ಬಣ್ಣ ಹಚ್ಚಿದರೆ ಐದು ನಿಮಿಷದ ಕೆಲಸ. ಅದನ್ನೂ ಮಾಡಿ ನೋಡಿದ್ದರಂತೆ. ಮಾರನೆಯ ದಿನ ಮುಖ ಬಾತು ಕಣ್ಣು ಮುಚ್ಚಿಹೋದವು. ಇನ್ನು ಜನ್ಮದಲ್ಲಿ ಅದನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅವರು ಎಲೆ, ಬೇರು, ಕಾಯಿಗಳ ಹಿಂದೆ ಬಿದ್ದರು. ಬಾಚಣಿಕೆಗೆ ಸಿಕ್ಕ ಬಿಳಿ ಕೂದಲನ್ನು ಎಸೆಯುತ್ತಿರಲಿಲ್ಲ. ಗೊಂಚಲು ಕಟ್ಟಿ, ಒಂದೊಂದನ್ನು ಒಂದೊಂದು ಮಿಶ್ರಣದಲ್ಲಿ ಅದ್ದಿ, ಕಿಟಕಿಗೆ ಕಟ್ಟಿ ನಾಲ್ಕು ದಿನ ಬಿಸಿಲಿಗೆ ಬಿಟ್ಟು, ಬಣ್ಣ ನಿಂತರೆ ಮಾತ್ರ ತಲೆಗೆ. ಬೀಟ್‌ರೂಟ್ ಒಂದೇ ನೀರಿಗೆ ಹೋಯಿತು. ಅಕ್ರೋಟದ ಸಿಪ್ಪೆ ದಿಂಬಿಗೆ ಹತ್ತಿತು, ಕೂದಲಿಗೆ ಹತ್ತಲಿಲ್ಲ. ಗರಗದ ಸೊಪ್ಪನ್ನು ಎಳ್ಳೆಣ್ಣೆಯಲ್ಲಿ ಕುದಿಸಿ ಎರಡು ತಿಂಗಳು ಹಚ್ಚಿದ್ದಕ್ಕೆ ನಿದ್ದೆ ಚೆನ್ನಾಗಿ ಬಂತಂತೆ, ಅಷ್ಟೇ.

ಕೊನೆಗೆ ನಿಂತದ್ದು ಎರಡು ಸುತ್ತಿನ ಕೆಲಸ. ಶನಿವಾರ ಶಾಲೆ ಬಿಟ್ಟ ಮೇಲೆ ಕಬ್ಬಿಣದ ಕಡಾಯಿಯಲ್ಲಿ ಮೆಹಂದಿ, ನೆಲ್ಲಿಪುಡಿ, ಗಟ್ಟಿ ಚಹಾದ ನೀರು ಕಲಸಿ ಇಡುವುದು. ಐತವಾರ ಬೆಳಿಗ್ಗೆ ಹಚ್ಚಿ ಮೂರು ತಾಸು ಕೂತು ಬರೀ ನೀರಿನಲ್ಲಿ ತೊಳೆಯುವುದು. ಆಗ ತಲೆ ಕೆಂಡದ ಹಾಗೆ ಕೆಂಪು. ಆಮೇಲೆ ನೀಲಿ ಗಿಡದ ಎಲೆಯ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ತಡಮಾಡದೆ ಹಚ್ಚಬೇಕು. ತೊಳೆದಾಗ ಹಸಿರು ಹಸಿರು ಕಾಣುತ್ತದೆ, ಮರುದಿನಕ್ಕೆ ಕಪ್ಪಾಗುತ್ತದೆ. ಹಿಂದಲೆ ಅವರಿಗೆ ನಿಲುಕುತ್ತಿರಲಿಲ್ಲ. ಆ ಐತವಾರದಿಂದ ಹಿಂದಲೆ ನನ್ನ ಪಾಲಿಗೆ ಬಂತು. ಕೊಂಕು ಆಡಿದ್ದಕ್ಕೆ ದಂಡ ಎಂದುಕೊಂಡು ಹಚ್ಚತೊಡಗಿದೆ, ಆಮೇಲೆ ದಂಡ ಅನ್ನಿಸಲಿಲ್ಲ.

ಎರಡು ಸುತ್ತಿನ ನಡುವಿನ ಆ ಕೆಂಪು ಹೊತ್ತಿನಲ್ಲಿ ಮುದುಕಿ ಬೇರೆಯೇ ಹೆಂಗಸಾಗುತ್ತಿದ್ದರು.

"ಆವೋ ಖಾಲಾ, ಬೈಠೋ! ಚಾ ಪೀತೇ ಕ್ಯಾ?" ಎಂದು, ಸೂಲಗಿತ್ತಿ ಚಿಕ್ಕಮ್ಮ ಬಂದಳೆಂದೇ ಕೈಹಿಡಿದು ಕೂಡಿಸಿಕೊಂಡು, ಅತ್ತೆಯ ಮೇಲಿನ ದೂರುಗಳನ್ನು ಪಿಸುಮಾತಿನಲ್ಲಿ ಹೇಳಿ ತುಟಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಬಾಯಿಯೂ ತಮಗೆ ಬಂದಷ್ಟು ದಖನಿಯಲ್ಲಿ ಹೂಂಗುಟ್ಟುತ್ತಿದ್ದರು.

"ನನ್ನಕಿಂತಾ ಖಾಲಾ ಅಂದ್ರೇ ಆಕಿಗಿ ಭಾಳ ಜೀವ ನೋಡ್ರಿ" ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು. "ನನ್ನ ತಲಿ ಮ್ಯಾಲ ನನಗೇ ಹೊಟ್ಟಿಕಿಚ್ಚು ಬರ್ತದ."

ಮೆಹಂದಿ ಕೂದಲನ್ನು ಒಣಗಿಸಿ ಕಡ್ಡಿ ಮಾಡುತ್ತದೆ. ಅದಕ್ಕೆ ಅವರ ಮದ್ದು ಅಗಸಿ. ತಾಯಿ ಆರಿಸಿಕೊಟ್ಟ ಅಗಸಿಯನ್ನು ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಹಳೆಯ ಧೋತರದ ಬಟ್ಟೆಯಲ್ಲಿ ಹಿಂಡಿದರೆ ಲೋಳೆ ಬರುತ್ತದೆ. ಆರಿದರೆ ಬಟ್ಟೆ ದಾಟುವುದಿಲ್ಲ. ಆ ಲೋಳೆಯ ಡಬ್ಬಿ ಶಾಲೆಗೂ ಬರುತ್ತಿತ್ತು. ಕುರಿ ಕಾಯುವ, ಬೀರಪ್ಪ ದೇವರ ಒಕ್ಕಲಿನ ಕುರುಬರ ಹುಡುಗಿಯರು ಬಿಸಿಲಿಗೆ ಕೆಂಚಾದ, ಬಾಚಣಿಕೆ ಹಾಯದ ತಲೆ ಹೊತ್ತು ಬರುತ್ತಿದ್ದರು. ಅಂಥವರನ್ನು ಹಿಡಿದು ಕೂಡಿಸಿ, ಲೋಳೆ ಸವರಿ, ಮಗ್ಗಿ ಹೇಳಿಸುತ್ತಲೇ ಸಿಕ್ಕು ಬಿಡಿಸುತ್ತಿದ್ದರು. ಮಗ್ಗಿ ತಪ್ಪಿದರೆ ಬಾಚಣಿಕೆ ತುಸು ಜಗ್ಗುತ್ತಿತ್ತು.

ನಾನು ಮರೆಯಲಾರದ ಒಂದು ಗಳಿಗೆ ಇದೆ. ಬಾಯಿ ಕೆಂಪು ತಲೆಯಲ್ಲಿದ್ದರು, ನಾನು ಪಕ್ಕದಲ್ಲಿ ಪುಡಿ ಕಲಸುತ್ತಿದ್ದೆ. ಮುದುಕಿ ನನ್ನ ಕಪ್ಪು ತಲೆಯನ್ನು ನೋಡಿದವರೇ ನನ್ನ ಗಲ್ಲ ಸವರಿ, "ನೀ ಯಾವಾಗ ಬಂದೆವ್ವಾ? ಯಾಕ ಸೊರಗೀದಿ?" ಅಂದರು. ಬಾಯಿ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು, ಬಹಳ ಹೊತ್ತು ಬಿಟ್ಟೇ ಇತ್ತು. ಅಂದಿನಿಂದ ಆ ಮನೆಯ ಹೊಸ್ತಿಲು ದಾಟುವ ಮೊದಲು ನಾನು ತಲೆಯ ತುಂಬ ಸೆರಗು ಹೊದೆಯುವುದನ್ನು ರೂಢಿ ಮಾಡಿಕೊಂಡೆ.

ಇಷ್ಟು ಜಾಗ್ರತೆಯ ನಾನು ಮಾಡಿದ ಘಾತ ಈಗ ಹೇಳಬೇಕು. ಒಮ್ಮೆ ನೀಲಿ ಎಲೆಯ ಪುಡಿ ತೀರಿತ್ತು. ನಾನು ತವರಿಗೆಂದು ಉದಗೀರಕ್ಕೆ ಹೊರಟಿದ್ದೆ. "ಅಲ್ಲಿ ಸಿಗ್ತದ, ತರ್ರಿ. ನೀಲಿ ಎಲಿ ಅಂದ್ರ ತಿಳೀಲಿಲ್ಲಂದ್ರ ಕಾಳೀ ಮೆಹಂದಿ ಅನ್ರಿ, ಕೆಲವ್ರು ಹಂಗ ಅಂತಾರ" ಎಂದು ಬಾಯಿ ಹೇಳಿದ್ದರು. ನಾನು ಅಂಗಡಿಯಲ್ಲಿ ಮೊದಲೇ ಕಾಳೀ ಮೆಹಂದಿ ಅಂದೆ. ಕೊಟ್ಟರು. ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಹಿಂದಿನ ಸಣ್ಣ ಅಕ್ಷರ ನಾನು ಓದಲಿಲ್ಲ.

ಆ ವಾರ ಬಾಯಿಯ ಬೈತಲೆಯಲ್ಲಿ ಬಿಳಿ ಗೆರೆ ಅಗಲವಾಗಿ ಎದ್ದಿತ್ತು. ಮುದುಕಿ ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಿದ್ದರು. ಬಾಯಿಗೆ ಆತುರ. ಆದರೂ ಪೊಟ್ಟಣ ಒಡೆದು ಮೂಸಿ ನೋಡಿದರು.

"ಇದು ಹಸರ ಇಲ್ಲಲ್ರಿ?"

"ಹಳೀ ಸ್ಟಾಕ್ ಇರ್ಬೇಕ್ರಿ ಬಾಯೀ. ಎಲೀದೇ ಅದ, ಚಿತ್ರ ನೋಡ್ರಿ."

ಗೊಂಚಲಿಗೆ ಹಚ್ಚಿ ನಾಲ್ಕು ದಿನ ಕಾಯುವ ಬಾಯಿ ಅಂದು ನನ್ನ ಮಾತು ನಂಬಿದರು. ಹಿಂದಲೆಗೆ ನಾನೇ ನನ್ನ ಕೈಯಾರೆ ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಮುಖ ಬಾತಿತ್ತು, ಕಿವಿಯ ಹಿಂದೆ ನೀರು ಒಸರುತ್ತಿತ್ತು. ಡಾಕ್ಟರು ಪೊಟ್ಟಣ ತರಿಸಿ ಓದಿ, ಇದರಲ್ಲಿ ಎಲೆಗಿಂತ ಅಂಗಡಿ ಬಣ್ಣದ ಅದೇ ರಸಾಯನ ಹೆಚ್ಚು ಅಂದರು. ತಲೆಯ ಚರ್ಮವೆಲ್ಲ ಗುಳ್ಳೆ ಎದ್ದದ್ದರಿಂದ ಕೂದಲನ್ನು ಬುಡದವರೆಗೆ ಕತ್ತರಿಸಬೇಕಾಯಿತು. ಮೂರು ತಿಂಗಳು ಮೆಹಂದಿಯನ್ನೂ ಹಚ್ಚಕೂಡದು.

ನಾನು ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕೂತು ಅತ್ತೆ. ಬಾಯಿ ಕಣ್ಣು ಮುಚ್ಚಿಕೊಂಡೇ ಅಂದರು, "ಹೋಗ್ಲಿ ಬಿಡ್ರಿ. ಮೂಸಿ ನೋಡ್ದಾಕಿ ನಾನೇ, ಕಲಸ್ದಾಕಿ ನಾನೇ." ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

ಬಾವು ಇಳಿದು ಮನೆಗೆ ಬಂದಾಗ ತಲೆಯ ಮೇಲೆ ಅಕ್ಕಿಕಾಳಷ್ಟುದ್ದದ ಬಿಳಿ ಕೂದಲು. ಮುದುಕಿ ಎದ್ದು ನಿಂತು, ತಲೆಗೆ ಸೆರಗೆಳೆದುಕೊಂಡು, ಗೋಡೆಗೆ ಅಂಟಿಕೊಂಡರು. "ಆತ್ಯಾಬಾಯಿ, ಪಾಣೀ ಭರಲಂಯ" ಅಂದರು. ನೀರು ತುಂಬಿದ್ದೇನೆ ಎಂದು ಅತ್ತೆಗೆ ಒಪ್ಪಿಸುವ ವರದಿ ಅದು. ಬಾಯಿ, "ಯವ್ವಾ, ನಾ ನಿನ್ನ ಮಗಳು" ಅಂದಷ್ಟೂ ಮುದುಕಿ ಇನ್ನಷ್ಟು ಹೆದರಿದರು. ಅತ್ತೆ ಕನ್ನಡ ಮಾತಾಡುವುದೆಂದರೆ ಏನೋ ಪರೀಕ್ಷೆ ಮಾಡುತ್ತಿದ್ದಾಳೆ ಎಂದೇ ಅರ್ಥ.

ಕೆಲ ದಿನಗಳಲ್ಲಿ ಬೇಡಿಕೆ ಶುರುವಾಯಿತು. ದಿನಾ ಮಧ್ಯಾಹ್ನ ಕೈಮುಗಿದು, "ಆತ್ಯಾಬಾಯಿ, ಮಾಹೇರಾಲಾ ಜಾಊ ದ್ಯಾ. ಆಯೀ ಆಜಾರೀ ಹಾಯ್." ತವರಿಗೆ ಕಳಿಸಿ, ಅವ್ವ ಹಾಸಿಗೆ ಹಿಡಿದಿದ್ದಾಳೆ. ಆಗ ನಿಲಂಗಾದ ಆ ಅತ್ತೆ, ಜೋಳದ ರಾಶಿ ಮುಗಿಯಲಿ ಎಂದು ಕಳಿಸಿರಲಿಲ್ಲವಂತೆ. ರಾಶಿ ಮುಗಿದು ಹೋಗುವಷ್ಟರಲ್ಲಿ ಗುಂಜೋಟಿಯಲ್ಲಿ ಅವ್ವನ ಮಣ್ಣು ಆಗಿಹೋಗಿತ್ತು.

"ಗುಂಜೋಟಿ ಇಲ್ಲೇ ಅದಲ್ರಿ ಬಾಯೀ, ಒಮ್ಮಿ ಕರಕೊಂಡು ಹೋಗ್ರಿ" ಎಂದೆ.

"ಹೋದ ವರ್ಷ ಒಯ್ದಿದ್ದೆರಿ, ತಲಿ ಕರ್ರಗ ಇದ್ದಾಗ. ಆಟೋದಾಗಿಂದ ಇಳೀಲೇ ಇಲ್ಲ. 'ನಿಮ್ಮಜ್ಜಿಗಿ ಕೇಳದೇ ಬಂದೀವಿ, ನಡಿ ತಿರಗಿ' ಅಂತ ಅಂಜಿ ಥರಥರ ನಡಗಿದ್ಳು. ಆಕಿಗಿ ಊರು ಬೇಕಾಗಿಲ್ರಿ. ಹೋಗು ಅನ್ನೋದು ಬೇಕಾಗ್ಯದ."

ಮೂರು ತಿಂಗಳು ಮುಗಿದ ಮೇಲೆ ಡಾಕ್ಟರು ಮೆಹಂದಿಗೆ ಒಪ್ಪಿಗೆ ಕೊಟ್ಟರು. ಶುದ್ಧ ನೀಲಿ ಎಲೆಯ ಪುಡಿಯನ್ನು ಈ ಸಲ ನಾನೇ ಲಾತೂರಿಗೆ ಹೋಗಿ, ಪ್ರತಿ ಅಕ್ಷರ ಓದಿ ತಂದಿದ್ದೆ. ಬಾಯಿ ನಾಲ್ಕು ದಿನ ಗೊಂಚಲು ತೂಗುಹಾಕಿ, ಕಿವಿಯ ಹಿಂದೆ ಹಚ್ಚಿ ನೋಡಿ, ಶನಿವಾರ ಕಡಾಯಿಯಲ್ಲಿ ಮೆಹಂದಿ ಕಲಸಿಟ್ಟಿದ್ದರು. ಆ ವಾರವೆಲ್ಲ ಶಾಲೆಯಲ್ಲಿ ಅವರ ನಡಿಗೆಯೇ ಬೇರೆ ಇತ್ತು. "ಸೋಮವಾರ ನನಗ ನೀ ಅಂತಾಳ್ರಿ" ಎಂದು ಎರಡು ಸಲ ಹೇಳಿದ್ದರು.

ಐತವಾರ ನಾನು ಹೋದಾಗ ಮುದುಕಿ ಹೊಸ್ತಿಲಲ್ಲಿ ಕೂತಿದ್ದರು. ತೊಡೆಯ ಮೇಲೆ ಎರಡು ಸೀರೆ, ಒಂದು ಬಾಚಣಿಕೆ ಕಟ್ಟಿದ ಗಂಟು. ಎರಡು ದಿನದಿಂದ ಊಟ ಮುಟ್ಟಿಲ್ಲ ಎಂದು ಬಾಯಿ ಹೇಳಿದರು. ನಾನು ಹಳೆಯ ಸೀರೆಯನ್ನು ಬಾಯಿಯ ಹೆಗಲಿಗೆ ಹೊದಿಸಿ ಕಡಾಯಿ ಹತ್ತಿರಕ್ಕೆ ಎಳೆದುಕೊಂಡೆ. ಮೊದಲ ಮುದ್ದೆ ನನ್ನ ಕೈಯಲ್ಲಿತ್ತು.

"ತಡೀರಿ" ಅಂದರು ಬಾಯಿ.

ಹೊಸ್ತಿಲ ಕಡೆಯೇ ನೋಡುತ್ತಿದ್ದರು. "ಇವತ್ತು ಕರ್ರಗ ಮಾಡ್ಕೊಂಡ್ರ ಆಕಿಗಿ ಹೋಗು ಅನ್ನಾಕಿ ಯಾರೂ ಇರಂಗಿಲ್ರಿ" ಎಂದು ನನಗೆ ಹೇಳಿದರೋ ತಮಗೆ ಹೇಳಿಕೊಂಡರೋ ತಿಳಿಯಲಿಲ್ಲ. ಹೆಗಲ ಸೀರೆ ತೆಗೆದಿಟ್ಟು ಎದ್ದರು. ಹೊರಗಿನ ಕೋಣೆಯಲ್ಲಿ ಮಂಚದ ನಡುವೆ, ಯಜಮಾನಿ ಕೂರುವ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತರು. ಮೋಟು ಕೂದಲಿನ ಬಿಳಿ ತಲೆ ಪೂರ್ತಿ ಕಾಣುವಂತೆ ಹೊಸ್ತಿಲ ಕಡೆ ತಿರುಗಿದರು. ಕಚೇರಿಗಳಲ್ಲಿ ಬಿಟ್ಟು ಬೇರೆಲ್ಲೂ ಆಡದ ಮರಾಠಿಯಲ್ಲಿ, ಗಟ್ಟಿಯಾಗಿ ಅಂದರು:

"ಜಾ. ಪಾಹಿಜೇ ತಿತಕೇ ದಿವಸ ರಾಹಾ."

ಹೋಗು, ಬೇಕಾದಷ್ಟು ದಿನ ಇದ್ದು ಬಾ.

ಮುದುಕಿ ಗಂಟನ್ನು ಅಲ್ಲೇ ಬಿಟ್ಟು ಎದ್ದು ಬಂದರು. ಬಗ್ಗಿ ಮಗಳ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆತ್ತವಳ ಕೈ ತನ್ನ ಕಾಲಿಗೆ ತಾಗಿದರೆ ಯಾವ ಮಗಳಾದರೂ ಕಾಲು ಹಿಂದೆಳೆಯುತ್ತಾಳೆ. ಬಾಯಿ ಎಳೆಯಲಿಲ್ಲ. ಮಂಚದ ಪಟ್ಟಿಯನ್ನು ಹಿಡಿದ ಅವರ ಬೆರಳುಗಳು ಬೆಳ್ಳಗಾಗಿದ್ದವು.

ಅಂದು ಮುದುಕಿ ಒಂದೂವರೆ ರೊಟ್ಟಿ ಉಂಡರು. ಕಡಾಯಿಯ ಮೆಹಂದಿಯನ್ನು ನಾನೇ ಹಿತ್ತಲಿಗೆ ಒಯ್ದು ಚೆಲ್ಲಿದೆ.

ಮುದುಕಿ ಮತ್ತೆ ತವರಿನ ಮಾತು ಎತ್ತಲಿಲ್ಲ. ಆದರೆ ಬಾಯಿಯೂ ಮತ್ತೆ ತಲೆಗೆ ಬಣ್ಣ ಹಚ್ಚಲಿಲ್ಲ. ಕಪ್ಪು ಮಾಡಿಕೊಂಡರೆ ಕೊಟ್ಟ ಅಪ್ಪಣೆ ಅಳಿಸಿಹೋದೀತು, ನಾಳೆ ಮತ್ತೆ ಬಿಳಿ ಕಂಡಾಗ ಮತ್ತೆ ಬೇಡಬೇಕಾದೀತು ಎಂಬ ಭಯ. ನಾನು ಒತ್ತಾಯಿಸಿದಾಗ ಒಂದೇ ಮಾತು ಹೇಳಿದರು: "ನೀ ಅನಿಸ್ಕೋಬೇಕು ಅನ್ನೋದು ನನ್ನ ಆಸೆರಿ. ಹೋಗ್ಬೇಕು ಅನ್ನೋದು ಆಕಿದು. ಯಾರದು ಹಿರೀದು?" ಆ ಮಳೆಗಾಲ ಮುಗಿಯುವ ಮೊದಲೇ ಮುದುಕಿ ಮಲಗಿದಲ್ಲೇ ಹೋದರು. ಕೊನೆಯ ದಿನದವರೆಗೂ ಮಗಳನ್ನು ಆತ್ಯಾಬಾಯಿ ಎಂದೇ ಕರೆದರು.

ಮರುವರ್ಷ ನನಗೆ ಉದಗೀರಕ್ಕೆ ವರ್ಗವಾಯಿತು. ಹೇಳಿಬರಲು ಹೋದಾಗ ಬಾಯಿ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಎಲ್ಲಾರೂ ನನಗ ರೀ ಅಂತಾರ. ನೀ ಅನ್ನವ್ರು ಒಬ್ರೂ ಉಳದಿಲ್ಲ. ನೀವಾರ ಒಮ್ಮಿ ಅನ್ರಿ" ಅಂದರು. ನಗುತ್ತಲೇ ಕೇಳಿದರು, ನಾನೂ ನಕ್ಕುಬಿಟ್ಟೆ. "ಛೇ, ನಿಮಗಾ? ನಾಲಿಗಿ ತಿರಗಂಗಿಲ್ರಿ ಬಾಯೀ." ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನಗೆ ಕೆಲಸ ಕಲಿಸಿದವರು. ಅವರು ಒತ್ತಾಯ ಮಾಡಲಿಲ್ಲ, ಬಸ್ಸು ತಪ್ಪೀತು ನೋಡ್ರಿ ಅಂದರು.

ಹೋದ ತಿಂಗಳು ಸುದ್ದಿ ಬಂದದ್ದೇ ಸಿಕ್ಕ ಬಸ್ಸು ಹತ್ತಿ ಉಮರಗಾಕ್ಕೆ ಹೋದೆ. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಬೆನ್ನು ಮುಟ್ಟುವ ಬಿಳಿ ಕೂದಲನ್ನು ಯಾರೋ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದರು. ಸುತ್ತ ಹೆಂಗಸರು ತುಂಬಿದ್ದರು. ಓಣಿಯವರು, ಶಾಲೆಯವರು, ಬಾಯಿಯಿಂದ ಸಿಕ್ಕು ಬಿಡಿಸಿಕೊಂಡು ಈಗ ತಾಯಂದಿರಾದ ಕುರುಬರ ಹುಡುಗಿಯರು. ಹೆಣದ ಮುಂದೆ ಅಳುವಾಗ ನಮ್ಮ ಕಡೆ ಯಾರೂ ರೀ ಅನ್ನುವುದಿಲ್ಲ. ಇಷ್ಟು ವರ್ಷ ಬಾಯೀರಿ, ಬರ್ರಿ, ಕೂಡ್ರಿ ಅಂದವರೆಲ್ಲ ಎದೆ ಬಡಿದುಕೊಂಡು ಕೂಗುತ್ತಿದ್ದರು: "ಎಲ್ಲಿಗಿ ಹೋದಿಯೇ ನನ್ನವ್ವಾ, ನೀ ಏಳ, ನೀ ಒಂದ್ ಮಾತ ಆಡ!"

ನಾನು ಹತ್ತಿರ ಕೂತು ಕೈ ಹಿಡಿದೆ. ತಣ್ಣಗಿತ್ತು. "ಬಾಯೀ, ನೀ ಭಾಳ ದಣದಿದ್ದಿ" ಎಂದೆ. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಹಾಗೆ ಒಮ್ಮೆ ಅನ್ನಿ ಎಂದು ಅವರು ನನ್ನನ್ನು ಕೇಳಿಕೊಂಡು ಆಗಲೇ ಆರು ವರ್ಷವಾಗಿತ್ತು.